ನಲವತ್ತೈದು ಕೇಜಿ ಭಕ್ತಿ

ಆ ವರ್ಷ ಬೆಟ್ಟದಪುರದಲ್ಲಿ ಭಕ್ತಿ ಅಂದರೆ ಕಂಠಪ್ಪನ ಮಗಳು ಚೈತ್ರಳ ಭಕ್ತಿ ಅನ್ನುವಂತಾಗಿತ್ತು. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ತಣ್ಣೀರು ಸುರಿದುಕೊಂಡು, ಹಣೆಗೆ ಅಡ್ಡಡ್ಡ ವಿಭೂತಿ ಬಳಿದು, ದಾರಿಯಲ್ಲಿ ಎದುರಾದವರ ಜೊತೆ ಒಂದು ಮಾತೂ ಆಡದೆ ಅವಳು ಮಲ್ಲಿಕಾರ್ಜುನನ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದಳು. ಹತ್ತುತ್ತಿದ್ದಳು ಅಂದರೆ ಸುಳ್ಳಾಗುತ್ತದೆ, ಓಡುತ್ತಿದ್ದಳು. ಮೇಲೆ ಹೋಗಿ ಕೈಮುಗಿದು, ಓಡಿಕೊಂಡೇ ಇಳಿದು, ಮತ್ತೆ ಅರ್ಧ ಬೆಟ್ಟ ಹತ್ತಿ ಇಳಿಯುತ್ತಿದ್ದಳು. ಒಂದೊಂದು ದಿನ ತಪ್ಪಲಿನ ಬಯಲಲ್ಲಿ ನಿಂತು ದಪ್ಪ ದಪ್ಪ ಕಲ್ಲುಗಳನ್ನು ಕತ್ತಿನ ಪಕ್ಕ ಹಿಡಿದು ದೂರಕ್ಕೆ ಎಸೆಯುತ್ತಿದ್ದಳು. ಅದು ಯಾವ ಸೇವೆ ಅಂತ ಊರಿನ ಹಿರಿಯರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡರೆ ಹಿರಿತನಕ್ಕೆ ಕುಂದು ಬರುತ್ತದಲ್ಲ, ಹಾಗಾಗಿ "ಹಿಂದಿನ ಕಾಲದಲ್ಲಿ ಇತ್ತು, ಈಗ ಯಾರೂ ಮಾಡಲ್ಲ" ಎಂದು ತಲೆದೂಗಿ ಸುಮ್ಮನಾಗಿದ್ದರು.

ಚೈತ್ರ ಓಡುತ್ತಿದ್ದದ್ದು ದೇವರಿಗಾಗಿ ಅಲ್ಲ, ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕಾಗಿ. ಡಿಗ್ರಿ ಮುಗಿಸಿದ ದಿನದಿಂದ ಅವಳಿಗೆ ಅದೊಂದೇ ಹುಚ್ಚು. ಆದರೆ ಅವಳವ್ವ ನೀಲಾಂಬಿಕೆ ಆ ಮಾತು ಎತ್ತಿದ ದಿನವೇ ಮಾತು ಮುಗಿಸಿಬಿಟ್ಟಿದ್ದಳು. "ಗಂಡಸ್ರ ಕಾಲರ್ ಹಿಡಿಯೋ ಹೆಣ್ಣ ಯಾವ ಗಂಡ್ಸು ಕಟ್ಕತಾನೆ? ಟೀಚರ್ ಆಗು, ಬ್ಯಾಂಕಿಗ್ ಸೇರು, ಇಲ್ದಿದ್ರೆ ಸುಮ್ನೆ ಮದ್ವೆ ಆಗು. ಪೊಲೀಸು ಗಿಲೀಸು ಅಂದ್ರೆ ನನ್ ಕಿವಿಗ್ ಬೀಳ್ಕೂಡ್ದು" ಅಂದಿದ್ದಳು. ಅವ್ವನ ಕಿವಿಗೆ ಬೀಳಬಾರದು ತಾನೇ, ಬೀಳದ ಹಾಗೆ ನೋಡಿಕೊಂಡರಾಯಿತು ಎಂದು ಚೈತ್ರ ತೀರ್ಮಾನ ಮಾಡಿದಳು.

ಲಿಖಿತ ಪರೀಕ್ಷೆಗೆ ಮೈಸೂರಿಗೆ ಹೋದಾಗ ಅದು ಬ್ಯಾಂಕಿನ ಪರೀಕ್ಷೆ ಅಂದಿದ್ದಳು. ಸಾಮಾನ್ಯ ಜ್ಞಾನದ ಪುಸ್ತಕಕ್ಕೆ ಬ್ಯಾಂಕಿನ ಕ್ಯಾಲೆಂಡರಿನ ಹಾಳೆಯಲ್ಲೇ ಹೊದಿಕೆ ಹಾಕಿಕೊಂಡಿದ್ದಳು. ಸಂವಿಧಾನದ ವಿಧಿಗಳನ್ನು ಉರು ಹೊಡೆಯುವಾಗ ಅವ್ವ ಒಳಗೆ ಬಂದರೆ, ಮೂಲಭೂತ ಹಕ್ಕುಗಳನ್ನು ಹಾಗೇ ವಚನದ ಧಾಟಿಗೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೀಲಾಂಬಿಕೆ ಬಾಗಿಲಲ್ಲೇ ನಿಂತು ಒಂದೆರಡು ಸಲ ಕೈಮುಗಿದದ್ದೂ ಉಂಟು. ಅಂತೂ ಲಿಖಿತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಇನ್ನು ಉಳಿದದ್ದು ದೈಹಿಕ ಪರೀಕ್ಷೆ. ಅದಕ್ಕೆ ಓಟ ಬೇಕು, ಜಿಗಿತ ಬೇಕು, ಗುಂಡು ಎಸೆಯಬೇಕು. ಬ್ಯಾಂಕಿನ ಕೆಲಸಕ್ಕೆ ಯಾರೂ ಗುಂಡು ಎಸೆಯುವುದಿಲ್ಲ ಎಂಬುದು ನೀಲಾಂಬಿಕೆಗೂ ಗೊತ್ತಿತ್ತು.

ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದ ಪುಟ್ಟಕ್ಕನ ಕೈಗೆ ಚೈತ್ರ ಸಿಕ್ಕಿಬಿದ್ದಳು.

"ಇದ್ಯಾಕವ್ವ ಇಷ್ಟೊತ್ಗೇ ಬೆಟ್ಟದ್ ಕಡೆಯಿಂದ ಓಡ್ ಬತ್ತಾ ಇದ್ದೀಯೆ? ಚಿರತೆ ಗಿರತೆ ಅಟ್ಟುಸ್ಕ ಬಂತಾ?" ಎಂದು ಪುಟ್ಟಕ್ಕ ಕ್ಯಾನು ಕೆಳಗಿಟ್ಟಳು.

"ಅರ್ಕೆ ಕಣಕ್ಕ" ಅಂದಳು ಚೈತ್ರ. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದು ಅದೊಂದೇ ಮಾತು.

"ಏನ್ ಅರ್ಕೆ?"

"ಏಳಂಗಿಲ್ಲ."

ಪುಟ್ಟಕ್ಕ ತಟ್ಟನೆ ಬಾಯಿ ಮುಚ್ಚಿಕೊಂಡಳು. ಹರಕೆ ಕಟ್ಟಿಕೊಂಡವರನ್ನು ಅದು ತೀರುವ ತನಕ ಏನು, ಯಾಕೆ ಎಂದು ಕೇಳಬಾರದು ಅನ್ನುವುದು ಅಲ್ಲಿಯ ಕಟ್ಟಳೆ. ಹೇಳಿದರೆ ಫಲ ಹೋಗುತ್ತದೆ, ಕೇಳಿದವರಿಗೆ ಪಾಪ ಸುತ್ತಿಕೊಳ್ಳುತ್ತದೆ. ಊರಿನ ಅಷ್ಟೂ ಬಾಯಿಗಳಿಗೆ ಬೀಗ ಹಾಕುವ ಇಂಥ ಸಾಧನ ತನ್ನ ಬಾಯಲ್ಲೇ ಇತ್ತಲ್ಲ ಎಂದು ಚೈತ್ರಳಿಗೆ ಖುಷಿಯಾಯಿತು. ಆದರೆ ಆ ಖುಷಿ ಮನೆ ತಲುಪುವ ತನಕ ಮಾತ್ರ ಇತ್ತು. ಹಾಲು ಡೈರಿ ಸೇರುವುದಕ್ಕೆ ಮೊದಲೇ ಸುದ್ದಿ ನೀಲಾಂಬಿಕೆಯನ್ನು ಸೇರಿತ್ತು.

ನೀಲಾಂಬಿಕೆ ಏನೂ ಕೇಳಲಿಲ್ಲ. ಕೇಳುವ ಹಾಗಿರಲಿಲ್ಲ. ಆದರೆ ವಯಸ್ಸಿಗೆ ಬಂದ ಮಗಳು ಯಾರಿಗೂ ಹೇಳದೆ ಹರಕೆ ಹೊತ್ತಿದ್ದಾಳೆ ಅಂದರೆ ಅದು ಒಳ್ಳೆ ಗಂಡು ಸಿಗಲಿ ಅಂತಲೇ ಎಂದು ತಾನೇ ಅರ್ಥ ಮಾಡಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅರ್ಕೆ ಅಂದ್ಮೇಲೆ ಸೋಮವಾರ ಒಪ್ಪತ್ತು ಇರ್ಬೇಕು ಮಗ. ಹೊತ್ ಮುಳುಗೋ ಗಂಟ ಏನೂ ಬಾಯಿಗ್ ಹಾಕ್ಬ್ಯಾಡ" ಅಂದಳು.

ತೊಂದರೆ ಶುರುವಾದದ್ದು ಅಲ್ಲಿ. ಓಟ, ಜಿಗಿತ ಎಲ್ಲ ಇರಲಿ, ಕಾನ್‌ಸ್ಟೆಬಲ್ ಆಗುವ ಹೆಣ್ಣು ಕಡಿಮೆ ಎಂದರೆ ನಲವತ್ತೈದು ಕೇಜಿ ತೂಗಬೇಕಿತ್ತು. ಚೈತ್ರ ನಲವತ್ತಮೂರು ತೂಗುತ್ತಿದ್ದಳು. ಹೊಗೆಸೊಪ್ಪಿನ ಬೇಲು, ಅಂದರೆ ಕಟ್ಟಿದ ಮೂಟೆ, ತೂಗಲು ಅಪ್ಪ ಕೊಟ್ಟಿಗೆಯಲ್ಲಿ ಇಟ್ಟಿದ್ದ ತಕ್ಕಡಿಯ ಮೇಲೆ ಅವಳು ದಿನವೂ ಕದ್ದು ನಿಲ್ಲುತ್ತಿದ್ದಳು. ಅದರ ಮುಳ್ಳು ಕಂಠಪ್ಪನ ಬೇಲುಗಳಿಗೆ ತೋರಿಸುತ್ತಿದ್ದ ಮರ್ಯಾದೆಯನ್ನು ಕಂಠಪ್ಪನ ಮಗಳಿಗೆ ತೋರಿಸುತ್ತಿರಲಿಲ್ಲ. ಬೆಟ್ಟ ಓಡಿದರೆ ಕಾಲಿಗೆ ಬಲ ಬರುತ್ತಿತ್ತು, ಮೈ ಇಳಿಯುತ್ತಿತ್ತು. ಮೇಲಿಂದ ಸೋಮವಾರದ ಉಪವಾಸ ಬೇರೆ.

ಕೊನೆಗೆ ದಾರಿ ತೋರಿಸಿದವರು ಬೆಟ್ಟದ ಮೇಲೆ ಪೂಜೆ ಮಾಡುವ ಮೂರ್ತಿ ಐನೋರು. ಒಂದು ಸೋಮವಾರ ಚೈತ್ರ ಗುಡಿಯ ಮುಂದೆ ತಲೆ ಸುತ್ತಿ ಕೂತಾಗ ಅವರು ನೀರು ಕೊಟ್ಟು ವಿಚಾರಿಸಿದರು. ಐನೋರ ಹತ್ತಿರ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಐನೋರು ಸ್ವಲ್ಪ ಹೊತ್ತು ಗರ್ಭಗುಡಿಯ ಕಡೆ ನೋಡಿ, ಎಡೆಗಿಟ್ಟಿದ್ದ ಬಾಳೆಹಣ್ಣಿನ ಚಿಪ್ಪನ್ನೂ ಅರ್ಧ ಹೋಳು ಕಾಯಿಯನ್ನೂ ಒಂದು ಅಚ್ಚು ಬೆಲ್ಲವನ್ನೂ ತಂದು ಅವಳ ಮುಂದಿಟ್ಟರು.

"ದೇವ್ರು ತಿನ್ನಲ್ಲ ಕಣವ್ವ. ಇಷ್ಟ್ ವರ್ಷದಿಂದ ನೋಡ್ತಾ ಇದ್ದೀನಿ. ನೀನ್ ತಿನ್ನು" ಅಂದರು. "ಗುಡಿ ಹಿಂದ್ಗಡೆ ಕೂತ್ಕೊಂಡು ತಿನ್ನು. ಮುಂದ್ಗಡೆ ಜನ ಬತ್ತಾರೆ."

ಅಂದಿನಿಂದ ಗುಡಿಯ ಹಿಂದಿನ ಬಂಡೆ ಚೈತ್ರಳ ಊಟದ ಮನೆಯಾಯಿತು. ತೂಕ ಅರ್ಧ ಕೇಜಿ ಏರಿತು. ಅಷ್ಟರಲ್ಲಿ ಊರಿನಲ್ಲಿ ಅವಳ ಹರಕೆಗೆ ಹಿಂಬಾಲಕರೂ ಹುಟ್ಟಿಕೊಂಡರು. ಮದುವೆ ತಡವಾದ ಹೆಣ್ಣುಮಕ್ಕಳ ತಾಯಂದಿರು ತಮ್ಮ ಮಕ್ಕಳನ್ನೂ ಎಬ್ಬಿಸಿ ಬೆಟ್ಟಕ್ಕೆ ಅಟ್ಟತೊಡಗಿದರು. "ನಡ್ದ್ರೆ ಫಲ ಇಲ್ವಂತೆ ಕಣೆ, ಓಡ್ಬೇಕಂತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಏದುಸಿರು ಬಿಡುತ್ತಾ ಹತ್ತುವ ಹುಡುಗಿಯರನ್ನು ಹಿಂದೆ ಹಾಕಿ ಓಡುವಾಗ ಚೈತ್ರಳಿಗೆ ಪಾಪಪ್ರಜ್ಞೆಯೂ ಆಗುತ್ತಿತ್ತು, ನಗುವೂ ಬರುತ್ತಿತ್ತು. ಸುಳ್ಳು ಇಷ್ಟು ಚೆನ್ನಾಗಿ ಬೆಳೆಯುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ.

ಬೆಳೆದ ಸುಳ್ಳು ತಾಲ್ಲೂಕಿನ ಗಡಿಯನ್ನೂ ದಾಟಿತು. ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದಿಂದ ಸರ್ವಮಂಗಳಮ್ಮ ಎಂಬ ತುಂಬು ಮೈಯ ಹೆಂಗಸು ತನ್ನ ಒಬ್ಬನೇ ಮಗ ಬಸವಪ್ರಸಾದನಿಗೆ ಹೆಣ್ಣು ಕೇಳಿಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ನಾಲೆ ಬಯಲಿನ ಗದ್ದೆಯನ್ನೆಲ್ಲ ಒಬ್ಬಳೇ ನಿಂತು ಮಾಡಿಸಿದವಳು. ಭತ್ತದ ವ್ಯಾಪಾರಿಗಳು ಅವಳ ಮನೆ ಜಗಲಿಯಲ್ಲಿ ಕೂತು ಬೆವರುತ್ತಿದ್ದರಂತೆ. ಮಗ ಮಾತ್ರ ತೀರಾ ಸಾಧು, ಎದುರಿಗೆ ಎಮ್ಮೆ ಬಂದರೂ ಪಕ್ಕಕ್ಕೆ ಸರಿದು ನಿಂತು ಅದು ಹೋದ ಮೇಲೆ ಹೋಗುವಂಥವನು. ನೀಲಾಂಬಿಕೆ ಕಾಫಿ ಕೊಡುತ್ತಾ ಮಗಳ ಬೆಟ್ಟ, ಮೌನ, ಒಪ್ಪತ್ತು ಎಲ್ಲವನ್ನೂ ಬಣ್ಣಿಸಿದಳು. ಸರ್ವಮಂಗಳಮ್ಮ ಎಲ್ಲ ಕೇಳಿಸಿಕೊಂಡು, "ನಾಳೆ ಸೋಮವಾರ ಅಲ್ವಾ, ಇಲ್ಲೇ ಉಳ್ಕೊಂಡು ಬೆಳಿಗ್ಗೆ ನಾನೂ ಮಗಿನ್ ಜೊತೆ ಬೆಟ್ಟ ಹತ್ತುತೀನಿ ಬುಡಿ" ಅಂದಳು.

ಚೈತ್ರ ಹೆದರಲಿಲ್ಲ. ಅಷ್ಟು ಮೈಯಿರುವ ಹೆಂಗಸು ಮೇಲೆ ಬರುವಷ್ಟರಲ್ಲಿ ತಾನು ತಿಂದು, ಬಾಯಿ ತೊಳೆದು, ಕಣ್ಣು ಮುಚ್ಚಿ ಕೂತಿರಬಹುದು ಎಂದು ಲೆಕ್ಕ ಹಾಕಿದಳು. ಆದರೆ ಗದ್ದೆ ಬದುವಿನ ಮೇಲೆ ನಡೆದು ಬಂದ ಕಾಲುಗಳ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗುಡಿಯ ಹಿಂದಿನ ಬಂಡೆಯ ಮೇಲೆ ಕೂತು ಅವಳು ಒಂದು ಕೆನ್ನೆಯಲ್ಲಿ ಕಾಯಿ, ಇನ್ನೊಂದರಲ್ಲಿ ಬೆಲ್ಲ ತುಂಬಿಕೊಂಡಿದ್ದಾಗ ಎದುರಿಗೆ ಸರ್ವಮಂಗಳಮ್ಮ ನಿಂತಿದ್ದಳು. ಉಸಿರು ಕೂಡ ಜೋರಾಗಿರಲಿಲ್ಲ.

"ಒಪ್ಪತ್ತು ಚೆನ್ನಾಗ್ ನಡೀತಾ ಅದೆ" ಅಂದಳು ಸರ್ವಮಂಗಳಮ್ಮ.

ಚೈತ್ರಳಿಗೆ ಬಾಯಿ ತೆರೆಯಲಾಗಲಿಲ್ಲ, ಮುಚ್ಚಲೂ ಆಗಲಿಲ್ಲ.

"ನುಂಗು. ಆಮೇಲ್ ಮಾತಾಡು. ಗಂಟ್ಲಿಗ್ ಸಿಕ್ಕಂಡ್ರೆ ನಿಮ್ಮವ್ವನ್ಗೆ ನಾನೇನ್ ಏಳ್ಲಿ?"

ಅವಳು ನುಂಗಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಪೊಲೀಸು, ಬ್ಯಾಂಕಿನ ಕ್ಯಾಲೆಂಡರು, ಪುಟ್ಟಕ್ಕ, ನಲವತ್ತೈದು ಕೇಜಿ, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, "ಈಗ ನಿಮ್ಗೇ ಗೊತ್ತಾಯ್ತಲ್ಲ ದೊಡ್ಡಮ್ಮ, ನಾನ್ ಅಂಥೋಳಲ್ಲ. ನಿಮ್ಮನೆಗೆ ಬ್ಯಾರೆ ಒಳ್ಳೆ ಹೆಣ್ ನೋಡ್ಕಳಿ" ಅಂದಳು. ಅತ್ತೆ ಎಂಬ ಮಾತು ಬಾರದ ಹಾಗೆ ದೊಡ್ಡಮ್ಮ ಎಂದು ಒತ್ತಿ ಹೇಳಿದಳು.

ಸರ್ವಮಂಗಳಮ್ಮ ಬಂಡೆಯ ಮೇಲೆ ಪಕ್ಕದಲ್ಲೇ ಕೂತು, ಉಳಿದಿದ್ದ ಒಂದು ಬಾಳೆಹಣ್ಣು ಸುಲಿದಳು. "ನಿಮ್ಮವ್ವ ಏಳ್ದಂಗೆ ನೀನ್ ಬರೀ ಭಕ್ತೆ ಆಗಿದ್ದಿದ್ರೆ, ನಾನ್ ಮಧ್ಯಾಹ್ನದ್ ಬಸ್ಸಿಗೇ ವಾಪಸ್ ಓಯ್ತಿದ್ದೆ. ನನ್ ಮಗ ಒಬ್ಬ ಸಾಧು ಸಾಲ್ದಾ ಮನೆಗೆ? ಊರ್ಗೆ ಊರ್ನೇ ಬೆಟ್ಟ ಹತ್ತಿಸ್ದೋಳು ನೀನು. ಇಂಥಾ ಹೆಣ್ಣೇ ಬೇಕು ನಮ್ ಗದ್ದೆ ನೋಡ್ಕಳಕ್ಕೆ. ಈಗಂತೂ ನಾನ್ ಬುಡಲ್ಲ" ಅಂದಳು.

ಚೈತ್ರಳ ಕಣ್ಣು ತುಂಬಿಕೊಂಡಿತು. ಸತ್ಯ ಹೇಳಿದರೆ ಹೀಗಾಗುತ್ತದೆ ಎಂದು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಅಳ್ಬ್ಯಾಡ. ಒಂದ್ ಪಂತ ಕಟ್ಟಾನ" ಅಂದಳು ಸರ್ವಮಂಗಳಮ್ಮ. "ನಿನ್ ಪರೀಕ್ಷೆ ಗಂಟ ನಾನ್ ಬಾಯ್ ಬುಡಲ್ಲ. ನೀನ್ ಅದ್ರಲ್ಲಿ ಪಾಸಾದ್ರೆ ಈ ಸಂಬಂಧ ನಾನೇ ಬ್ಯಾಡ ಅಂತೀನಿ. ಫೇಲಾದ್ರೆ ಗೊಣಗ್ದಂಗೆ ನನ್ ಸೊಸೆ ಆಗ್ಬೇಕು. ಏನಂತೀಯೆ?"

ಚೈತ್ರ ತಲೆಯಾಡಿಸಿದಳು. ಇಬ್ಬರೂ ಬಾಯಿ ಒರೆಸಿಕೊಂಡು ಗುಡಿಯ ಮುಂದೆ ಬಂದು ಕೈಮುಗಿದರು.

ಪಂತ ಕಟ್ಟಿದ ಮೇಲೆ ಸರ್ವಮಂಗಳಮ್ಮ ಗೆಲ್ಲಲು ನೋಡದೆ ಇರುತ್ತಾಳೆಯೇ? ಬೆಟ್ಟ ಇಳಿದು ಮನೆಗೆ ಬಂದವಳು ನೀಲಾಂಬಿಕೆಯ ಕೈ ಹಿಡಿದುಕೊಂಡು, "ನಿಮ್ಮ ಮಗು ಅಪರಂಜಿ ಕಣ್ರೀ. ನಮ್ಗೆ ಒಪ್ಗೆ. ಒಂದೇ ಒಂದ್ ಮಾತು. ನಮ್ಮನೆಗೆ ಬರೋ ಸೊಸೆ ಗುರುವಾರ, ಶನಿವಾರಾನೂ ಒಪ್ಪತ್ತು ಇರೋದು ನಡ್ಕೊಂಡ್ ಬಂದದೆ. ಈಗ್ಲಿಂದ್ಲೇ ರೂಢಿ ಮಾಡ್ಸಿ" ಅಂದಳು. ಹೇಳುವಾಗ ಅವಳ ಕಣ್ಣು ಚೈತ್ರಳ ಮೇಲಿತ್ತು. ಚೈತ್ರ ಹಲ್ಲು ಕಚ್ಚಿಕೊಂಡು ತಲೆ ತಗ್ಗಿಸಿದಳು. ಎಷ್ಟು ನಾಚಿಕೆ ನೋಡಿ ಮಗುವಿಗೆ ಎಂದು ನೀಲಾಂಬಿಕೆ ಹಿಗ್ಗಿದಳು.

ಆಮೇಲಿನ ದಿನಗಳು ಚೈತ್ರಳ ಪಾಲಿಗೆ ಬಲು ಕಷ್ಟದವು. ಬೆಟ್ಟದ ಮೇಲೆ ಬಾಳೆಹಣ್ಣು ಕಾಯಿ ತಿಂದು ಕೂಡಿಸಿದ್ದೆಲ್ಲ ಮನೆಯ ಒಪ್ಪತ್ತಿನಲ್ಲಿ ಕರಗುತ್ತಿತ್ತು. ನೀಲಾಂಬಿಕೆ ಅಡುಗೆಮನೆ ಬಾಗಿಲಲ್ಲೇ ಕಾವಲು ಕೂರುತ್ತಿದ್ದಳು. ನೆಂಟಸ್ತನ ಕುದುರಿದ ಸಂತೋಷದಲ್ಲಿ ಅವಳೂ ಮಗಳ ಜೊತೆ ಒಪ್ಪತ್ತು ಶುರು ಮಾಡಿದ್ದಳು. ಅವ್ವನೂ ಹಸಿದುಕೊಂಡು ಕೂತಿರುವುದನ್ನು ನೋಡಿ ಚೈತ್ರಳಿಗೆ ಹೊಟ್ಟೆಗಿಂತ ಎದೆ ಹೆಚ್ಚು ಸುಡುತ್ತಿತ್ತು. ಎಲ್ಲ ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಿದರೆ ಆ ಕ್ಷಣವೇ ಪೊಲೀಸ್ ಕೆಲಸದ ಆಸೆಗೆ ಬೆಂಕಿ ಬೀಳುತ್ತದೆ ಎಂಬುದೂ ಗೊತ್ತಿದ್ದರಿಂದ ಬಾಯಿ ಕಟ್ಟಿಕೊಳ್ಳುತ್ತಿದ್ದಳು.

ಪರೀಕ್ಷೆಗೆ ಇನ್ನೇನು ಎರಡು ದಿನ ಇದೆ ಅನ್ನುವಾಗ ಅವಳು ಕೊಟ್ಟಿಗೆಗೆ ಹೋಗಿ ಬೇಲಿನ ತಕ್ಕಡಿ ಹತ್ತಿದಳು. ಮುಳ್ಳು ನಲವತ್ತಮೂರೂವರೆ ದಾಟಲಿಲ್ಲ. ಇಳಿದು ಮತ್ತೆ ಹತ್ತಿದಳು. ಉಸಿರು ಎಳೆದುಕೊಂಡು ನಿಂತಳು. ಕೊನೆಗೆ ಕಣ್ಣಲ್ಲಿ ನೀರು ಬಂತು.

"ಉಸುರು ಎಳ್ಕಂಡ್ರೆ ತೂಕ ಬರಲ್ಲ ಕಣವ್ವ" ಎಂಬ ಮಾತು ಹಿಂದಿನಿಂದ ಕೇಳಿತು.

ಬೇಲುಗಳ ಸಾಲಿನ ಆಚೆ ಅಪ್ಪ ಕಂಠಪ್ಪ ಕೂತು ಹೊಗೆಸೊಪ್ಪು ಬಿಡಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಮನೆಯಲ್ಲಿ ಮಾತಿನ ಕೆಲಸವನ್ನೆಲ್ಲ ನೀಲಾಂಬಿಕೆ ವಹಿಸಿಕೊಂಡಿದ್ದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. "ದಿನಾ ಹತ್ತಿ ಇಳೀತಾ ಇದ್ದೀಯೆ. ಯಾಕೆ ಅಂತ ಕೇಳ್ನಿಲ್ಲ. ಅರ್ಕೆ ಅಂದ್ರಲ್ಲ, ಕೇಳ್ಬಾರ್ದು ಅಂತ ಸುಮ್ನಿದ್ದೆ. ತಕ್ಕಡಿ ಹತ್ತೋ ಅರ್ಕೆ ನಾ ಎಲ್ಲೂ ಕಂಡಿಲ್ಲ" ಅಂದ.

ಚೈತ್ರ ಅಪ್ಪನಿಗೂ ಎಲ್ಲವನ್ನೂ ಹೇಳಿದಳು. ಕಂಠಪ್ಪ ಕೇಳುತ್ತಾ ಒಂದು ಎಲೆಯನ್ನು ಬೆರಳಲ್ಲಿ ಸವರುತ್ತಿದ್ದ. ಅವನು ಬಯ್ಯಲಿಲ್ಲ. ಎಷ್ಟು ಕಡಿಮೆ ಇದೆ ಎಂದು ಮಾತ್ರ ಕೇಳಿದ. ಒಂದೂವರೆ ಕೇಜಿ ಎಂದಾಗ ಅವನ ಮುಖದಲ್ಲಿ ಇಷ್ಟು ವರ್ಷ ಅವಳು ನೋಡದಿದ್ದ ಒಂದು ಕಳ್ಳ ಕಳೆ ಮೂಡಿತು.

ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಒಣಗಿಸುವ ಬೆಂಕಿಮನೆಯಲ್ಲಿ, ಬೇಯಿಸಿ ಇಳಿಸಿದ ಹೊಗೆಸೊಪ್ಪು ಗರಿಗರಿಯಾಗಿ ಒಣಗಿರುತ್ತದೆ. ಮುಟ್ಟಿದರೆ ಪುಡಿ, ತೂಗಿದರೆ ಹಗುರ. ಅದಕ್ಕೆ ಇಬ್ಬನಿ ಕುಡಿಸಿ ಹದಕ್ಕೆ ತರುವುದು ಪ್ರತಿ ರೈತನೂ ಮಾಡುವ ಕೆಲಸ. ಹದಕ್ಕೆ ತರುವ ನೆಪದಲ್ಲಿ ಇನ್ನೊಂದು ಚೂರು ಹೆಚ್ಚಿಗೆ ಕುಡಿಸುವುದು ಕೆಲವರು ಮಾತ್ರ ಬಲ್ಲ ಕೆಲಸ. ಆ ಕೆಲವರಲ್ಲಿ ಕಂಠಪ್ಪನದು ಮೊದಲ ಹೆಸರು. ಹರಾಜಿನಲ್ಲಿ ಎಂಥ ಖರೀದಿದಾರ ಕೈಯಿಟ್ಟರೂ ಅವನ ಬೇಲಿನಲ್ಲಿ ನೀರಿದೆ ಎಂದು ಹೇಳಿದವನಿಲ್ಲ.

"ಮೇಲ್ಗಡೆ ಚಿಮುಕ್ಸೋನು ದಡ್ಡ. ಕೈಗ್ ಒದ್ದೆ ಹತ್ತುತದೆ, ಸಿಕ್ಕಾಕತಾನೆ" ಎಂದು ಕಂಠಪ್ಪ ನಿಧಾನವಾಗಿ ಶುರು ಮಾಡಿದ. "ಒಳಗಿಂದ ಕುಡೀಬೇಕು, ಹೊತ್ ತಕಂಡು ಕುಡೀಬೇಕು. ಬರೀ ನೀರ್ ಕುಡುದ್ರೆ ನಿಲ್ಲಲ್ಲ, ಅದು ಬಂದ್ ದಾರಿಗೇ ಓಯ್ತದೆ. ಮೊದ್ಲು ರಾಗಿ ಮುದ್ದೆ. ಅದ್ರ ಮೇಲೆ ಮಜ್ಗೆ. ಮುದ್ದೆ ಇದ್ರೆ ನೀರ್ನ ಹಿಡ್ಕತದೆ. ತೂಕಕ್ ನಿಲ್ಲೋ ಗಂಟ ಒಂದ್ ತೊಟ್ಟೂ ಹೊರಕ್ಕೆ ಬುಡಂಗಿಲ್ಲ. ಆಯ್ತದಾ?"

"ಆಯ್ತದೆ ಅಪ್ಪಾಜಿ. ಇದ್ ಮೋಸ ಅಲ್ವಾ?"

"ಉಂಡ್ ಹೋಗ್ಬ್ಯಾಡ ಅಂತ ಅಲ್ಲಿ ಬರ್ದವ್ರಾ?" ಅಂದ ಕಂಠಪ್ಪ. ಚೈತ್ರ ಓದಿದ ಯಾವ ಪುಸ್ತಕದಲ್ಲೂ ಹಾಗೆ ಬರೆದಿರಲಿಲ್ಲ.

ತಾಂಬೂಲ ಬದಲಾಯಿಸಲು ಹೊಸ ಅಗ್ರಹಾರದವರು ಪರೀಕ್ಷೆಯ ಮಾರನೆಯ ದಿನ ಬರುವವರಿದ್ದರು. ಅದಕ್ಕೆ ಮಗಳಿಗೊಂದು ಸೀರೆ ತರಬೇಕು ಎಂದು ಹೇಳಿ ಕಂಠಪ್ಪ ಅವಳನ್ನು ಮೊದಲ ಬಸ್ಸಿಗೆ ಮೈಸೂರಿಗೆ ಹೊರಡಿಸಿದ. ಕೈಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಮುದ್ದೆ, ಡಬ್ಬಿಯಲ್ಲಿ ಸೊಪ್ಪಿನ ಸಾರು, ಹಾಲಿನ ಕ್ಯಾನಿನ ತುಂಬ ಮಜ್ಜಿಗೆ ಇತ್ತು. ಸೀರೆ ತರಲು ಇಷ್ಟೆಲ್ಲ ಯಾಕೆ ಎಂದು ನೀಲಾಂಬಿಕೆ ಕೇಳಿದಳು. ಪೇಟೆ ಊಟ ನನಗೆ ಆಗಲ್ಲ ಎಂದು ಕಂಠಪ್ಪ ಹೊಟ್ಟೆ ಸವರಿಕೊಂಡ.

ಮೈದಾನದ ಹೊರಗೆ ಮರದ ಬುಡದಲ್ಲಿ ಕೂತು ಚೈತ್ರ ಮುದ್ದೆ ನುಂಗಿದಳು. ಅಪ್ಪ ಎದುರು ಕೂತು ಮಜ್ಜಿಗೆ ಬಗ್ಗಿಸಿ ಕೊಟ್ಟ. ಸುತ್ತ ಬೇರೆ ಹುಡುಗಿಯರು ಕೈಕಾಲು ಆಡಿಸುತ್ತಾ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ ಇವಳು ಬೀಗರ ಊಟಕ್ಕೆ ಬಂದವಳ ಹಾಗೆ ಉಣ್ಣುತ್ತಿದ್ದಳು. ಸಾಕು ಅಂದಾಗ ಕಂಠಪ್ಪ, "ಇನ್ನೊಂದ್ ಲೋಟ. ಗೇಟಲ್ಲಿ ಎಷ್ಟೊತ್ ನಿಲ್ಲಿಸ್ತಾರೋ, ಆರೋದಕ್ಕೂ ಲೆಕ್ಕ ಇಡ್ಬೇಕು" ಅಂದ.

ಲೆಕ್ಕ ತಪ್ಪಿದ್ದು ಅಲ್ಲಿಯೇ. ಗೇಟಿನೊಳಗೆ ಹೋದರೆ ಸರದಿ ಕಣ್ಣು ಹಾಯುವಷ್ಟು ಉದ್ದವಿತ್ತು. ಮೊದಲು ಎತ್ತರ, ಆಮೇಲೆ ತೂಕ, ಅದು ಆದ ಮೇಲೆ ಓಟ. ಬಿಸಿಲು ಏರುತ್ತಾ ಹೋಯಿತು, ಸರದಿ ಒಂದೊಂದೇ ಹೆಜ್ಜೆ ಸರಿಯುತ್ತಾ ಹೋಯಿತು. ಕಂಠಪ್ಪನ ಮುದ್ದೆ ಅದೆಷ್ಟು ಹೊತ್ತು ಮಜ್ಜಿಗೆಯನ್ನು ಹಿಡಿದುಕೊಂಡಿತ್ತೋ, ಆಮೇಲೆ ಕೈಬಿಟ್ಟಿತು. ಚೈತ್ರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿ ನಿಂತಳು. ಆಮೇಲೆ ಎರಡನ್ನೂ ಸೇರಿಸಿ ನಿಂತಳು. ಸಂವಿಧಾನದ ವಿಧಿಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದರೆ ಎಲ್ಲವೂ ನದಿ ನೀರಿನ ಹಂಚಿಕೆಗೇ ಬಂದು ನಿಲ್ಲುತ್ತಿದ್ದವು.

ಸರದಿ ನೋಡಿಕೊಳ್ಳುತ್ತಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬಳು ಎರಡು ಸಲ ಅವಳ ಮುಂದೆ ಹಾದುಹೋದಳು. ಮೂರನೆಯ ಸಲ ನಿಂತಳು.

"ಏನಮ್ಮ, ಅರ್ಜೆಂಟಾ? ಹೋಗ್ಬಾ. ನಿನ್ನ ಜಾಗ ಎಲ್ಲಿಗೂ ಹೋಗಲ್ಲ."

"ಬ್ಯಾಡ ಮೇಡಂ. ಆರಾಮಾಗಿದ್ದೀನಿ."

"ಮುಖ ನೋಡಿದ್ರೆ ಹಂಗನ್ಸಲ್ಲ."

"ನಮ್ ಮನೆಯೋರೆಲ್ಲ ಇಂಗೇ ಮೇಡಂ, ಮುಖಾನೇ ಇಂಗೆ" ಅಂದಳು ಚೈತ್ರ. ಹೆಡ್ ಕಾನ್‌ಸ್ಟೆಬಲ್ ಅವಳನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಎಷ್ಟೋ ತೆಳ್ಳಗಿನ ಹುಡುಗಿಯರನ್ನು ನೋಡಿದ ಕಣ್ಣು ಅದು. ಏನೋ ಅರ್ಥವಾದಂತಾಗಿ ತುಟಿ ಕಚ್ಚಿಕೊಂಡು ಮುಂದೆ ಹೋದಳು.

ತಕ್ಕಡಿ ಹತ್ತುವಾಗ ಚೈತ್ರಳಿಗೆ ಉಸಿರಾಡಲೂ ಭಯವಿತ್ತು. ಬೆಟ್ಟದ ಒಂದೊಂದು ಮುಂಜಾನೆಯೂ, ಅವ್ವನ ಹಸಿದ ಮುಖವೂ, ನಾಳೆ ತಟ್ಟೆ ಹಿಡಿದು ಬರುವ ಸರ್ವಮಂಗಳಮ್ಮನೂ ಆ ಚೌಕದ ಮೇಲೆ ಅವಳ ಜೊತೆ ನಿಂತಿದ್ದರು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ನಿಂತವು. ನಲವತ್ತೈದು, ಅದರ ಮೇಲೆ ಒಂದಿಷ್ಟು ಚಿಲ್ಲರೆ. "ನೆಕ್ಸ್ಟ್" ಎಂದ ಕೂಡಲೇ ಅವಳು ಇಳಿದು ಶೌಚಾಲಯದ ಕಡೆ ಓಡಿದ ಓಟವನ್ನು ಯಾರಾದರೂ ಗಡಿಯಾರ ಹಿಡಿದು ಅಳೆದಿದ್ದರೆ ಅಲ್ಲೇ ಪಾಸು ಮಾಡುತ್ತಿದ್ದರು.

ಉಳಿದದ್ದು ಸುಲಭವಾಯಿತು. ಮೆಟ್ಟಿಲ ಮೇಲೆ ಓಡಿ ಅಭ್ಯಾಸವಾದ ಕಾಲಿಗೆ ಸಮತಟ್ಟಾದ ನೆಲ ಸಿಕ್ಕಿದರೆ ಕೇಳಬೇಕೇ, ಅವಳು ತನ್ನ ಗುಂಪಿ‌ನಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಜಿಗಿತ ಆಯಿತು, ಗುಂಡು ಎಸೆತವೂ ಆಯಿತು. ಸಂಜೆ ಗೇಟಿನ ಹೊರಗೆ ಬಂದು ಅಪ್ಪನ ಮುಂದೆ ನಿಂತಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಕಂಠಪ್ಪ "ಚಿಲ್ರೆ ಎಷ್ಟು ಬಂತು?" ಎಂದು ಕೇಳಿದ. ಹೇಳಿದಾಗ, "ಅರ್ಧ ಲೋಟ ಕಮ್ಮಿ ಕುಡುದಿದ್ರೂ ಆಯ್ತಿತ್ತು" ಎಂದು ಖಾಲಿ ಕ್ಯಾನು ಎತ್ತಿಕೊಂಡ. ಸೀರೆ ತರುವುದು ಇಬ್ಬರಿಗೂ ಮರೆತೇ ಹೋಗಿತ್ತು. ಮನಸ್ಸಿಗೆ ಹಿಡಿಸಿದ್ದು ಸಿಗಲಿಲ್ಲ ಎಂದು ಕಂಠಪ್ಪ ಮನೆಯಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ.

ಮರುದಿನ ಹೊಸ ಅಗ್ರಹಾರದವರು ಬಂದರು. ಸರ್ವಮಂಗಳಮ್ಮ, ಬಸವಪ್ರಸಾದ, ಜೊತೆಗೆ ಅವರ ಊರಿನ ಇಬ್ಬರು ಹಿರಿಯರು. ವೀಳ್ಯದೆಲೆ, ಅಡಿಕೆ, ಹೂವಿನ ತಟ್ಟೆಗಳು ಚಾಪೆಯ ಮೇಲೆ ಕೂತವು. ಚೈತ್ರ ಕಾಫಿ ಹಿಡಿದು ಬಂದು ಸರ್ವಮಂಗಳಮ್ಮನ ಮುಂದೆ ಬಗ್ಗಿದಳು.

"ಎಷ್ಟು?" ಎಂದು ಸರ್ವಮಂಗಳಮ್ಮ ತುಟಿ ಅಲ್ಲಾಡಿಸದೆ ಕೇಳಿದಳು.

"ನಲ್ವತ್ತೈದು ದಾಟ್ತು. ಓಟದಲ್ಲಿ ಮೊದ್ಲು ಬಂದೆ" ಅಂದಳು ಚೈತ್ರ ಅಷ್ಟೇ ಮೆಲ್ಲಗೆ.

ಸರ್ವಮಂಗಳಮ್ಮ ಕಾಫಿಯನ್ನು ನಿಧಾನವಾಗಿ ಕುಡಿದಳು. ಲೋಟ ಕೆಳಗಿಟ್ಟು ಗಂಟಲು ಸರಿಪಡಿಸಿಕೊಂಡಳು. "ಹಿರೀಕ್ರು ಕ್ಷಮಿಸ್ಬೇಕು. ಈ ಸಂಬಂಧ ನಮ್ಗೆ ಬ್ಯಾಡ" ಅಂದಳು.

ನೀಲಾಂಬಿಕೆ ವೀಳ್ಯದೆಲೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಯಾಕ್ರಿ? ಏನ್ ತಪ್ಪಾಯ್ತು ನಮ್ಮಿಂದ?" ಅಂದಳು.

"ನಿಮ್ ಮಗಳು ಪೊಲೀಸ್ ಕೆಲ್ಸಕ್ಕೆ ಹೊಂಟವ್ಳೆ. ನೆನ್ನೆ ಮೈಸೂರಲ್ಲಿ ಪರೀಕ್ಷೆ ಪಾಸ್ ಮಾಡ್ಕ ಬಂದವ್ಳೆ. ಬೆಟ್ಟ ಓಡಿದ್ದೂ ಅದುಕ್ಕೇಯ. ಗಂಡಸ್ರನ್ನ ಹಿಡ್ದು ಎಳ್ಕಂಡ್ ಹೋಗೋ ಹೆಣ್ಣು ಅದು. ಅಂಥೋಳ್ನ ನಮ್ಮಂಥ ಮರ್ಯಾದಸ್ತ್ರು ಕಟ್ಕತಾರಾ? ನಾವೇನು, ಯಾರೂ ಕಟ್ಕಳಲ್ಲ ಬುಡಿ."

ಚೈತ್ರ ಕಣ್ಣು ಮುಚ್ಚಿಕೊಂಡಳು. ಬರೀ ಬೇಡ ಎಂದು ಎದ್ದು ಹೋಗುವುದು ಪಂತವಾಗಿತ್ತೇ ಹೊರತು ಹೀಗೆ ಅವ್ವನ ಮುಂದೆ ಎಲ್ಲ ಬಿಚ್ಚಿಡುವುದಲ್ಲ. ಈಗ ತನ್ನ ಕಥೆ ಮುಗಿಯಿತು ಎಂದುಕೊಂಡಳು. ನೀಲಾಂಬಿಕೆ ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಕಂಠಪ್ಪ ಸೂರಿನ ಹೆಂಚು ಎಣಿಸುತ್ತಿದ್ದ. ಎಲ್ಲ ನಿಜ ಎಂದು ಅವಳಿಗೆ ಗೊತ್ತಾಯಿತು. ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನಂದ್ರಿ? ಕಂಠಪ್ಪನ್ ಮಗಳ್ನ ಯಾರೂ ಕಟ್ಕಳಲ್ಲ ಅಂದ್ರಾ?" ಎಂದು ಅವಳು ಸರ್ವಮಂಗಳಮ್ಮನ ಕಡೆ ತಿರುಗಿದಳು. "ನನ್ ಮಗಳು ಪೊಲೀಸು ಕಣ್ರೀ. ಯಾರ್ ಮನೆ ಬಾಗ್ಲಿಗೂ ಹೋಗ್ದೆ, ಒಬ್ರನ್ನೂ ಕೇಳ್ಕಳ್ದೆ, ಬೆಟ್ಟ ಓಡಿ ಓಡಿ ಪಾಸ್ ಮಾಡವ್ಳೆ. ನಿಮ್ ಮಗ ಏನ್ ಮಾಡವ್ನೆ? ನಮ್ಮನೆ ಮೆಟ್ಲು ಹತ್ತಕ್ಕೇ ನಿಮ್ ಕೈ ಹಿಡ್ಕಂಡ್ ಬಂದ. ಅವ್ಳ್ನ ಕಟ್ಕಳಕ್ಕೆ ನಾಳೆ ಸಬ್ ಇನ್‌ಸ್ಪೆಕ್ಟ್ರು ಬತ್ತಾನೆ. ತಟ್ಟೆ ಎತ್ಕಳಿ ಮೊದ್ಲು."

"ಪೊಲೀಸಾದ್ರೂ ನನ್ಗೇನೂ ತೊಂದ್ರೆ ಇಲ್ಲ" ಎಂದು ಬಸವಪ್ರಸಾದ ಮೆಲ್ಲಗೆ ಅಂದ. ಅದು ಅವನು ಆ ಮನೆಯಲ್ಲಿ ಆಡಿದ ಮೊದಲ ಮಾತು.

"ಸುಮ್ಕಿರ್ಲಾ" ಎಂದಳು ಅವನ ತಾಯಿ.

ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ, ತಾನಿನ್ನೂ ಪೊಲೀಸ್ ಆಗಿಲ್ಲ ಎಂದು ಹೇಳಬೇಕು ಅಂತ ಚೈತ್ರಳಿಗೆ ಅನ್ನಿಸಿತು. ಆದರೆ ಅವ್ವನ ಭರ ನೋಡಿ ಸುಮ್ಮನಾದಳು.

ಬಂದವರು ಎದ್ದರು. ಜಗಲಿಯಲ್ಲಿ ಸರ್ವಮಂಗಳಮ್ಮ ಚಪ್ಪಲಿ ಮೆಟ್ಟುವಾಗ ಚೈತ್ರ ಹಿಂದೆಯೇ ಬಂದು, "ಅಂಗ್ಯಾಕಂದ್ರಿ ದೊಡ್ಡಮ್ಮ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟು ಇತ್ತು.

"ನಾನು ಸುಮ್ನೆ ಬ್ಯಾಡ ಅಂದ್ ಓಗಿದ್ರೆ ನಿಮ್ಮವ್ವ ಮುಂದಿನ್ ವಾರ ಇನ್ನೊಂದ್ ಗಂಡ್ ತಂದ್ ಕೂರ್ಸೋಳು" ಎಂದು ಸರ್ವಮಂಗಳಮ್ಮ ಒಳಗಿನ ಸದ್ದಿಗೆ ಕಿವಿ ಕೊಡುತ್ತಾ ಹೇಳಿದಳು. "ಈಗ್ ನೋಡು. ನೀನೇ ಪೊಲೀಸ್ ಬ್ಯಾಡ ಅಂದ್ರೂ ಅವ್ಳ್ ಬುಡಲ್ಲ." ಅಷ್ಟು ಹೇಳಿ ಅವಳು ಮಗನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದಳು.

ಚೈತ್ರ ಒಳಗೆ ಬಂದಾಗ ನೀಲಾಂಬಿಕೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಇಷ್ಟು ದಿನ ಅವ್ವನಿಗೆ ಸುಳ್ಳು ಹೇಳಿದ ನಾಚಿಕೆ ಚೈತ್ರಳನ್ನು ಆಗ ಹಿಡಿದುಕೊಂಡಿತು. ಬಾಗಿಲು ಹಿಡಿದು ನಿಂತಳು. ಬೈದರೆ ಬೈಸಿಕೊಳ್ಳುವುದು, ಹೊಡೆದರೆ ಹೊಡೆಸಿಕೊಳ್ಳುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಆ ಯಮ್ಮನ್ಗೆ ನಾನ್ ಏನಾದ್ರೂ ಕಮ್ಮಿ ಅಂದ್ನಾ?" ಎಂದು ನೀಲಾಂಬಿಕೆ ತಿರುಗದೆಯೇ ಕೇಳಿದಳು.

"ಇಲ್ಲ ಕಣವ್ವ. ಸರ್ಯಾಗೇ ಅಂದೆ."

"ನಿನ್ನ ಬಯ್ಯೋದ್ ಇನ್ನೂ ಬಾಕಿ ಅದೆ. ತಿಳ್ಕ."

"ಊಂ."

ಒಲೆಯ ಮೇಲಿನ ಅನ್ನದ ಪಾತ್ರೆ ಕೆಳಗಿಳಿಯಿತು. ಆಮೇಲೆ ನೀಲಾಂಬಿಕೆ, "ಅಲ್ಲಿ ಸೀರೆನಾ, ಪ್ಯಾಂಟಾ?" ಎಂದು ಕೇಳಿದಳು.

"ಪ್ಯಾಂಟು."

ನೀಲಾಂಬಿಕೆ ತಿರುಗಿ ಮಗಳನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನಂತೆ ಗಡುಸಾಗಿತ್ತು. "ಆ ಸೊಂಟದ್ ಮೇಲೆ ಯಾವ್ ಪ್ಯಾಂಟ್ ನಿಂತದು? ಕೂತ್ಕ" ಎಂದು ತಟ್ಟೆ ಹಾಕಿ ಅನ್ನ ಬಡಿಸಿ, ಮೇಲೆ ತುಪ್ಪ ಸುರಿಯತೊಡಗಿದಳು. ಚೈತ್ರ ಸಾಕು ಎನ್ನಲಿಲ್ಲ.